ಮೇಲ್ಗಡೆ ‘ಅಪ್’ ಅಂತಲೇ ಇತ್ತು

...ಅಲ್ಲಾ ಅಕ್ಕಾ, ನಿಮ್ಮನ್ನೇ ಮನೆಗೆ ಕಳಿಸೋ ಮೀಟಿಂಗು, ಅದಕ್ಕೆ ನಿಮ್ಮನ್ನೇ ಕರೀಲಿಲ್ಲ ಅಂದ್ರೆ! ಮದುವಣಗಿತ್ತಿ ಇಲ್ಲದೆ ಮದುವೆ ಮುಗಿಸಿದ ಹಾಗಾಯ್ತು. ನಗಬೇಕೋ ಅಳಬೇಕೋ... ಅಯ್ಯಯ್ಯೋ, ಬಿಡಿ, ಬಿಡಿ ಅದನ್ನ! ಪುಸ್ತಕದ ಪೆಟ್ಟಿಗೆ ಅದು, ನೀವ್ಯಾಕೆ ಎತ್ತೋಕೆ ಹೋಗ್ತೀರಿ? ಸೊಂಟ ಹಿಡ್ಕೊಂಡ್ರೆ? ನಾನು ಬಂದಿರೋದು ಯಾಕೆ ಮತ್ತೆ? ಇಲ್ಲಿಡಿ, ಕುರ್ಚಿ ಮೇಲೆ. ಹಾಂ. ಒಂದ್ನಿಮಿಷ ಕೂತ್ಕೊಳ್ಳಿ. ಇಷ್ಟು ವರ್ಷದ ಸಾಮಾನು ಒಂದೇ ಮಧ್ಯಾಹ್ನದಲ್ಲಿ ಕಟ್ಟಿ ಮುಗಿಸ್ತೀನಿ ಅಂದ್ರೆ ಆಗುತ್ತಾ?

ಏನಂದ್ರಿ? ಈ ಸರ್ವರ್‌ಗಳ ಫ್ಯಾನ್ ಸದ್ದಲ್ಲಿ ಒಂದೂ ಕೇಳ್ಸಲ್ಲ... ಏನೂ ಅನ್ಲಿಲ್ವಾ. ಸರಿ, ಸರಿ.

ಮೀಟಿಂಗಲ್ಲಿ ಯಾರ್ಯಾರಿದ್ರು ಗೊತ್ತಾ? ನಟ್ಟ ನಡುವೆ ನಮ್ಮ ರಿಬ್ಬನ್ ಸಾಹೇಬ್ರು. ಬಾಗಿಲ ಮೇಲೆ ‘ಆಡಳಿತಾಧಿಕಾರಿ’ ಅಂತ ಬರೆಸ್ಕೊಂಡಿದ್ದಾರೆ, ನಿಜ. ಆದ್ರೆ ಕತ್ತರಿ ಹಿಡಿಯೋದು ಬಿಟ್ಟು ಬೇರೆ ಯಾವ ಆಡಳಿತ ಮಾಡಿದ್ದು ಕಂಡಿದ್ದೀರಿ ನೀವು? ಲಿಫ್ಟಿಗೆ ಹೊಸ ಬಲ್ಬ್ ಹಾಕಿದ್ರೂ ರಿಬ್ಬನ್ನು. ಕೈ ತೊಳೆಯೋ ಬೇಸಿನ್ನಿಗೂ ರಿಬ್ಬನ್ನು! ಈ ಆಸ್ಪತ್ರೇಲಿ ಆಪರೇಷನ್ ಮಾಡೋ ಡಾಕ್ಟ್ರಿಗಿಂತ ಜಾಸ್ತಿ ಕತ್ತರಿ ಆಡಿಸಿರೋ ಕೈ ಅದು. ಅವರ ಬಲಕ್ಕೆ ಆಸ್ಪತ್ರೆ ವಕೀಲ್ರು. ಎಡಕ್ಕೆ ತಲೆ ಆಪರೇಷನ್ ಡಾಕ್ಟ್ರು, ಪಾಪ, ಮುಖ ಗಂಟು ಹಾಕ್ಕೊಂಡು. ಆಮೇಲೆ ಮೂಲೇಲಿ ನಾನು. ನೆಟ್‌ವರ್ಕ್ ವಿಭಾಗದ ಪರವಾಗಿ! ವಿಭಾಗ ಅಂದ್ರೇನು ಮಹಾ, ನೀವೊಬ್ರು ಮುಖ್ಯಸ್ಥೆ, ನಾನೊಬ್ಬ ಸಹಾಯಕ. ಮುಖ್ಯಸ್ಥೆನ ಬಿಟ್ಟು ಸಹಾಯಕನ್ನ ಕರೆದಿದ್ದಾರೆ ಅಂದಾಗಲೇ ನಂಗೆ ವಾಸನೆ ಬಡೀತು. ಇದರಲ್ಲೇನೋ ಇದೆ ಅಂತ.

ವಕೀಲ್ರು ಶುರು ಮಾಡಿದ್ರು. ‘ಆವತ್ತು ಆಗಿದ್ದೇನು, ನಂಗೆ ಅರ್ಥ ಆಗೋ ಭಾಷೇಲಿ ಹೇಳಪ್ಪ.’

ಹೇಳ್ದೆ. ನೀವು ನಂಗೆ ಕಲ್ಸಿದ ಥರಾನೇ ಹೇಳ್ದೆ ಅಕ್ಕ. ಸಾರ್, ಸ್ಕ್ಯಾನ್ ಚಿತ್ರಗಳೆಲ್ಲ ಇರೋದು ಕೆಳಗೆ ನೆಲಮಾಳಿಗೆಯ ಸರ್ವರಲ್ಲಿ. ಆಪರೇಷನ್ ಥಿಯೇಟರಲ್ಲಿ ಡಾಕ್ಟ್ರು ಪರದೆ ನೋಡ್ತಾರಲ್ಲ, ಆ ಚಿತ್ರ ಅಲ್ಲಿಂದಲೇ ಹೋಗ್ಬೇಕು. ಅದಕ್ಕೇ ಆ ಸರ್ವರಿಗೆ ಒಂದಲ್ಲ, ಎರಡು ಕೇಬಲ್. ಒಂದೊಂದು ಒಂದೊಂದು ಸ್ವಿಚ್ಚಿಗೆ. ಸ್ವಿಚ್ಚು ಅಂದ್ರೆ ದೀಪದ್ದಲ್ಲ ಸಾರ್, ಕೇಬಲ್‌ಗಳನ್ನೆಲ್ಲ ಕೂಡಿಸೋ ಪೆಟ್ಟಿಗೆ. ಆಪರೇಟಿಂಗ್ ಸಿಸ್ಟಂ ಆ ಎರಡನ್ನೂ ಸೇರಿಸಿ ಗುಂಪು ಕಟ್ಟುತ್ತೆ. ಗುಂಪಿಗೆ ಒಂದೇ ಹೆಸರು, ‘ಬಾಂಡ್ ಝೀರೋ’. ಒಂದೇ ವಿಳಾಸ. ಹೊರಗಿನೋರಿಗೆ ಒಳಗೆ ಎರಡಿದೆ ಅನ್ನೋದೇ ಗೊತ್ತಾಗಲ್ಲ. ಒಂದು ಕೇಬಲ್ ದುಡಿಯುತ್ತೆ, ಇನ್ನೊಂದು ಸುಮ್ನೆ ಕಾಯ್ತಾ ನಿಂತಿರುತ್ತೆ. ಮೊದಲ್ನೇದು ಸತ್ರೆ ಎರಡನೇದು ಕಣ್ಣು ಮಿಟುಕಿಸೋದ್ರೊಳಗೆ ಕೆಲಸ ಎತ್ಕೊಳ್ಳುತ್ತೆ.

ವಕೀಲ್ರು ಹುಬ್ಬು ಹಾರಿಸಿದ್ರು. ‘ಒಂದು ದುಡೀತಾ ಇರುತ್ತೆ, ಇನ್ನೊಂದು ಸುಮ್ನೆ ನಿಂತಿರುತ್ತೆ. ಎರಡಕ್ಕೂ ಒಂದೇ ಹೆಸರು. ನಮ್ಮ ಕಕ್ಷಿದಾರರಲ್ಲಿ ಇಂಥ ದಂಪತಿಗಳು ಬೇಕಾದಷ್ಟಿದ್ದಾರೆ’ ಅಂದ್ರು. ಸಾಹೇಬ್ರು ಹೋ ಅಂತ ನಕ್ರು. ಡಾಕ್ಟ್ರು ನಗ್ಲಿಲ್ಲ.

ಆಮೇಲೆ ನೋಡಿ ತಮಾಷೆ. ಸರ್ವರಲ್ಲಿ ಕಮಾಂಡ್ ಹೊಡೆದ್ರೆ ಏನು ಬರುತ್ತೆ ತೋರಿಸು ಅಂದ್ರು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸ್ದೆ. ಗುಂಪಿನ ಸಾಲಲ್ಲಿ ‘ಮಾಸ್ಟರ್’ ಅಂತ ಗುರುತು. ಕೆಳಗೆ ಎರಡು ಕೇಬಲ್ ಸಾಲಲ್ಲಿ ‘ಸ್ಲೇವ್’, ‘ಸ್ಲೇವ್’. ವಕೀಲ್ರು ಬೆಚ್ಚಿಬಿದ್ರು! ‘ಯಜಮಾನ, ಗುಲಾಮ? ಈ ಕಾಲದಲ್ಲಿ? ಇದನ್ನ ಕೋರ್ಟಲ್ಲಿ ಓದೋಕಾಗುತ್ತೇನ್ರೀ? ಮೊದಲು ಈ ಪದ ಬದಲಾಯ್ಸಿ.’ ನಾನು ಸಾರ್, ಇದು ನಾನು ಬರೆದಿದ್ದಲ್ಲ, ಯಾವ ಕಾಲದಲ್ಲೋ ಯಾರೋ ಇಟ್ಟ ಹೆಸರು, ಈಗ ಕೆಲವು ಕಡೆ ‘ಕಂಟ್ರೋಲರ್’, ‘ಪೋರ್ಟ್’ ಅಂತ ಮರ್ಯಾದೆಯಾಗಿ ಕರೀತಾರೆ ಅಂದೆ. ‘ಹಾಗಾದ್ರೆ ಕೆಲಸ ಬೇರೆ ಆಯ್ತಾ?’ ಇಲ್ಲ ಸಾರ್, ಕೆಲಸ ಅದೇ. ‘ಸಂತೋಷ’ ಅಂದ್ರು ವಕೀಲ್ರು. ಒಬ್ಬ ಮನುಷ್ಯನ ಕೈ ಹೋಗಿರೋ ವಿಚಾರದಲ್ಲಿ ಅವರಿಗೆ ಸಿಕ್ಕಿದ ದೊಡ್ಡ ಅಪರಾಧ ಅದೊಂದೇ ನೋಡಿ, ಪದ!

ಆ ಗಿಡ ಕೊಡಿ ಇಲ್ಲಿ, ನಾನಿಡ್ತೀನಿ. ಮಣ್ಣು ಚೆಲ್ಲುತ್ತೆ. ಬಿಸಿಲಿಲ್ಲದೆ ಇದು ಹೇಗೆ ಬದುಕಿದೆಯೋ ಈ ಗವೀಲಿ.

ಆಮೇಲೆ ಡಾಕ್ಟ್ರು ಕೇಳಿದ್ರು ಅಕ್ಕ. ಅವರೊಬ್ರೇ ಸರಿಯಾಗಿ ಕೇಳಿದ್ದು. ‘ನಾನು ಆ ಹುಡುಗನ ತಲೆ ತೆರ್ಕೊಂಡು ನಿಂತಿದ್ದೆ. ಪೇಂಟರ್ ಅವನು, ಏಣಿಯಿಂದ ಬಿದ್ದಿದ್ದ. ಹೆಪ್ಪುಗಟ್ಟಿದ ರಕ್ತ ಎಲ್ಲಿವರೆಗೆ ಇಳಿದಿದೆ ಅಂತ ನೋಡೋಕೆ ಪರದೆ ಕಡೆ ತಿರುಗಿದ್ರೆ ಪರದೆ ಕಪ್ಪು. ಮೊದಲ ಸ್ವಿಚ್ಚು ಸುಟ್ಟುಹೋಯ್ತು ಅಂತೀರಿ, ಒಪ್ದೆ. ಯಂತ್ರ ಕೆಡುತ್ತೆ. ನಿಮ್ಮ ಎರಡನೇ ಕೇಬಲ್ ಎಲ್ಲಿ ಹೋಗಿತ್ತು?’

ಎಲ್ಲಿ ಹೋಗಿತ್ತು! ನೀವೇ ಹೇಳಿ ಎಲ್ಲಿ ಹೋಗಿತ್ತು ಅಂತ! ಎರಡನೇ ಸ್ವಿಚ್ಚಿನ ಪಕ್ಕ ಹಲ್ಲಿ ಬಾಲದ ಥರ ಜೋತು ಬಿದ್ದಿತ್ತು. ಅದು ಇರಬೇಕಾದ ತೂತಲ್ಲಿ ಯಾರು ಕೂತಿದ್ರು? ಸಾಹೇಬ್ರ ಸ್ವಾಗತ ಪರದೆ! ಮುಂಬಾಗಿಲಲ್ಲಿ, ಬಾಗಿಲಿಗಿಂತ ದೊಡ್ಡದೊಂದು ಪರದೆ. ಅದರಲ್ಲಿ ಬೆಳಗಿಂದ ಸಂಜೆವರೆಗೂ ಸಾಹೇಬ್ರ ಮುಖ. ಕೈ ಮುಗೀತಾರೆ, ನಗ್ತಾರೆ, ಮತ್ತೆ ಕೈ ಮುಗೀತಾರೆ. ಹೊಟ್ಟೆ ನೋವು ಅಂತ ಬಂದೋನಿಗೆ ಅದನ್ನ ನೋಡಿದ್ರೆ ಇನ್ನಷ್ಟು ನೋವು. ಉದ್ಘಾಟನೆ ದಿನ ಸ್ವಿಚ್ಚಲ್ಲಿ ಜಾಗ ಇಲ್ಲ. ಹೊಸ ಸ್ವಿಚ್ಚು ಇನ್ನೂ ಬಂದಿಲ್ಲ. ನೀವೂ ಇಲ್ಲ, ಮಗಳ ಹೆರಿಗೆ ಅಂತ ರಜೆ. ಅತಿಥಿಗಳು ಬರೋ ಹೊತ್ತು. ಪರದೆ ಹಾಕೋಕೆ ಬಂದಿದ್ನಲ್ಲ ಕಂಟ್ರಾಕ್ಟರು, ಅವನು ಕೈಗೆ ಸಿಕ್ಕಿದ್ದೊಂದು ಕಿತ್ತ, ತನ್ನದು ಚುಚ್ಚಿದ. ನಾನು ಮೇಲ್ಗಡೆ ಹೂಗುಚ್ಛ ಹಿಡ್ಕೊಂಡು ನಿಂತಿದ್ದೆ, ನಂಗೇನು ಗೊತ್ತು?

...ಯಾಕೆ ಹಾಗೆ ನೋಡ್ತೀರಿ?

ಹೂಗುಚ್ಛ ಹಿಡ್ಕೊಂಡಿದ್ದೆ ಅಕ್ಕ! ನಿಜವಾಗ್ಲೂ!

ಸರಿ, ಕೇಳಿ. ಡಾಕ್ಟ್ರು ಇನ್ನೊಂದು ಕೇಳಿದ್ರು. ‘ಕೇಬಲ್ ಕಿತ್ತುಹೋಗಿದೆ ಅಂತ ನಿಮ್ಮ ಆಪರೇಟಿಂಗ್ ಸಿಸ್ಟಮ್ಮಿಗೆ ಗೊತ್ತಿತ್ತಾ?’ ಗೊತ್ತಿತ್ತು ಸಾರ್, ಅಂದೆ. ನಮ್ಮ ಮೇಡಂ ಅದನ್ನ ಹಾಗೇ ಹೊಂದಿಸಿದ್ರು. ತಂತೀಲಿ ಜೀವ ಇದೆಯಾ ಅಂತ ಕ್ಷಣಕ್ಷಣಕ್ಕೂ ನೋಡು ಅಂತ ಒಂದು ಸಾಲು ಬರೀಬೇಕು. ಬರೀದಿದ್ರೆ ಆ ಜಾಗದಲ್ಲಿ ಸೊನ್ನೆ. ಸೊನ್ನೆ ಅಂದ್ರೆ ಆಗಾಗ ನೋಡು ಅಂತಲ್ಲ, ನೋಡ್ಲೇಬೇಡ ಅಂತ. ಅರ್ಧ ಊರು ಆ ಸಾಲು ಬರೆಯೋದನ್ನ ಮರೀತಾರೆ, ಮೇಡಂ ಮರೀಲಿಲ್ಲ. ‘ಹಾಗಾದ್ರೆ ಸಿಸ್ಟಂ ಯಾಕೆ ಬಾಯಿ ಬಿಡ್ಲಿಲ್ಲ?’ ಬಿಟ್ಟಿತ್ತು ಸಾರ್. ಎರಡನೇ ಕೇಬಲ್ ಸಾಲಲ್ಲಿ ‘ನೋ ಕ್ಯಾರಿಯರ್’ ಅಂತ ಬರೆದಿತ್ತು. ಅಂದ್ರೆ ತಂತೀಲಿ ಉಸಿರಿಲ್ಲ ಅಂತ. ಆದ್ರೆ ಯಾರೂ ಆ ಸಾಲು ಓದ್ಲಿಲ್ಲ. ಗುಂಪಿನ ಸಾಲಲ್ಲಿ ಏನಿತ್ತು? ‘ಅಪ್’. ಅಂದ್ರೆ ಎದ್ದು ನಿಂತಿದೆ ಅಂತ. ಒಂದು ಕಾಲು ಮುರಿದಿದ್ರೂ ಗುಂಪು ‘ಅಪ್’. ಮೇಲ್ಗಡೆ ‘ಅಪ್’ ಅಂತಲೇ ಇತ್ತು ಸಾರ್, ಮೇಲ್ಗಡೆ ನೋಡಿ ಎಲ್ರೂ ನೆಮ್ಮದಿಯಾಗಿದ್ರು.

ಇನ್ನೂ ಮಜಾ ಏನು ಅಂದ್ರೆ, ಆ ಸತ್ತ ಕೇಬಲ್ ಸಾಲನ್ನೇ ಪೂರ್ತಿ ಓದಿದ್ರೆ ಕೊನೇಲಿ ಅಲ್ಲೂ ‘ಅಪ್’ ಅಂತ ಇದೆ! ‘ನೋ ಕ್ಯಾರಿಯರ್, ಸ್ಲೇವ್, ಅಪ್’. ವಕೀಲ್ರು ತಲೆ ಕೆರ್ಕೊಂಡ್ರು. ‘ಉಸಿರಿಲ್ಲ ಅಂತೀಯ, ಎದ್ದಿದೆ ಅಂತೀಯ, ಏನಿದು?’ ಸಾರ್, ನಾವು ಅದಕ್ಕೆ ಏಳು ಅಂತ ಹೇಳಿದ್ದೀವಿ, ಅದು ಎದ್ದು ನಿಂತಿದೆ. ತುದೀಲಿ ಏನೂ ಇಲ್ಲ, ಅದು ಬೇರೆ ಮಾತು. ನಮ್ಮ ಆಸ್ಪತ್ರೆ ಸಿಬ್ಬಂದಿ ಥರ, ಹಾಜರಿ ಪೂರ್ತಿ, ಆಸಾಮಿ ನಾಪತ್ತೆ... ಅಂದೆ! ಅಂದೇಬಿಟ್ಟೆ, ಸಾಹೇಬ್ರ ಮುಂದೇನೇ!

ನಕ್ರಿ! ನೋಡಿ, ನಕ್ರಿ! ಎಷ್ಟು ದಿನ ಆಯ್ತು ನೀವು ನಕ್ಕು.

ಅಲ್ವಾ? ನಗು ಅಲ್ವಾ ಅದು... ಕೆಮ್ಮು. ಧೂಳು, ಹೌದು. ನೀರು ಕೊಡ್ಲಾ?

ಅಲ್ಲ, ಅವತ್ತು ನೀವು ಓಡಿದ್ದು ನೆನೆಸ್ಕೊಂಡ್ರೆ ಈಗಲೂ ಮೈ ಜುಮ್ ಅನ್ನುತ್ತೆ. ಮೇಲ್ಗಡೆ ಇದ್ರಿ ನೀವು, ಥಿಯೇಟರಿಂದ ಫೋನ್ ಬಂದಿದ್ದೇ ತಡ, ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿದ್ರಿ. ಸರ್ವರ್ ಹಿಂದೆ ಕೈ ಹಾಕಿದ್ರಿ, ಕೇಬಲ್ ಜಾಡು ಹಿಡಿದ್ರಿ, ಜೋತು ಬಿದ್ದಿದ್ದು ಕಂಡಿತು. ಸ್ವಾಗತ ಪರದೆಯ ತಂತಿ ಎಳೆದು ಬಿಸಾಕಿದ್ರಿ, ನಮ್ಮದು ಚುಚ್ಚಿದ್ರಿ, ಚಿತ್ರ ಬಂತು. ಡಾಕ್ಟ್ರು ಕೆಲಸ ಮುಂದುವರಿಸಿದ್ರು. ಹುಡುಗ ಬದುಕಿದ. ಬಲಗೈ ಮಾತ್ರ ಏಳ್ತಿಲ್ಲ... ಪೇಂಟರಿಗೆ ಬಲಗೈ. ಹೂಂ. ಅಷ್ಟರಲ್ಲಿ ಸಾಹೇಬ್ರ ಫೋನು! ಥಿಯೇಟರಲ್ಲಿ ಏನಾಯ್ತು ಅಂತ ಕೇಳೋಕೆ ಅನ್ಕೊಂಡ್ರಿ ನೀವು. ಅವರು ಕೇಳಿದ್ದೇನು? ‘ಮುಂಬಾಗಿಲ ಪರದೆ ಯಾಕೆ ಆರಿಹೋಯ್ತು?’ ನೀವು ಫೋನ್ ಕುಕ್ಕಿದ ಸದ್ದು ಕಾರಿಡಾರಿಗೆ ಕೇಳಿಸ್ತು. ನಂಗನ್ಸುತ್ತೆ, ನಿಮ್ಮ ಕೆಲಸ ಹೋಗಿದ್ದು ಅವತ್ತೇ ಅಲ್ಲೇ. ಮೀಟಿಂಗು ಬರೀ ಶಾಸ್ತ್ರಕ್ಕೆ.

ಅಂದಹಾಗೆ... ಸುಮ್ನೆ ಕೇಳ್ತೀನಿ ಅಕ್ಕ, ತಪ್ಪು ತಿಳ್ಕೋಬೇಡಿ. ಆ ಹುಡುಗನ ಅಣ್ಣ ಇದ್ದಾನಲ್ಲ, ಕಾರಿಡಾರಲ್ಲಿ ದಿನಾ ಕೂಗಾಡ್ತಾನೆ, ‘ಯಾರು ಮಾಡಿದ್ದು ಹೇಳಿ, ಅವರ ಮುಖ ತೋರ್ಸಿ’ ಅಂತ. ಅವನು ನಿನ್ನೆ ನಿಮ್ಮನ್ನ ಹೊರಗೆ ಬೇಕರಿ ಹತ್ರ ಮಾತಾಡಿಸಿದ್ನಂತೆ? ಯಾರೋ ಅಂದ್ರು. ಏನು ಕೇಳ್ದ? ನೀವೇನಾದ್ರೂ... ಇಲ್ಲ ಇಲ್ಲ, ಕುತೂಹಲ ಅಷ್ಟೆ. ಪಾಪ, ಅವನ ಸಂಕಟ ಅವನಿಗೆ. ಏನಾದ್ರೂ ಹೇಳಿದ್ರಾ?

ಟೇಪ್ ಇಲ್ಲಿದೆ ನೋಡಿ, ನಿಮ್ಮ ಕೈಯ ಪಕ್ಕದಲ್ಲೇ.

ಸರಿ, ಹೇಳ್ಬೇಡಿ. ಮೀಟಿಂಗ್ ಕಥೆಯ ಮುಖ್ಯ ಭಾಗ ಕೇಳಿ. ಸಾಹೇಬ್ರು ಗಂಟಲು ಸರಿಮಾಡ್ಕೊಂಡು, ‘ಒಟ್ಟಿನಲ್ಲಿ ಇದು ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆಯ ನಿರ್ಲಕ್ಷ್ಯ. ಅವರ ಗುಂಪು, ಅವರ ಕೇಬಲ್, ಅವರ ದೀಪದ ಬೋರ್ಡು’ ಅಂದ್ರು. ನನ್ನ ಮೈಯೆಲ್ಲ ಉರಿದುಹೋಯ್ತು ಅಕ್ಕ. ಎದ್ದು ನಿಂತೆ! ಮೇಜು ಗುದ್ದಿದೆ! ‘ಸಾರ್, ನಾಲಿಗೆ ಬಿಗಿಹಿಡಿದು ಮಾತಾಡಿ’ ಅಂದೆ! ‘ಆ ಹೆಂಗಸು ಇಲ್ಲಿ ರಜೆ ದಿನ ಕೂಡ ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದಾರೆ. ನಿಮ್ಮ ಮುಖ ತೋರಿಸೋ ಪರದೆಗೋಸ್ಕರ...’

ಯಾಕೆ ನಗ್ತೀರಿ?

ಈ ಸಲ ಕೆಮ್ಮಲ್ಲ, ನಗು. ನಂಬಲ್ವಾ? ಮೇಜು ಗುದ್ದಿದೆ ಅಂತಿದ್ದೀನಿ! ...ಗುದ್ದಿದೆ ಅಂದ್ರೆ, ಈಗ ಧಡಾರ್ ಅಂತ ಅಲ್ಲ. ಕೈ ಇಟ್ಟೆ. ಸ್ವಲ್ಪ ಜೋರಾಗಿ ಇಟ್ಟೆ. ಎದ್ದು ನಿಂತೆ ಅಂದ್ರೆ... ಕುರ್ಚಿ ಹಿಂದಕ್ಕೆ ಸರಿಸ್ದೆ. ಏಳೋಕೆ ಅಂತಲೇ ಸರಿಸಿದ್ದು. ಅಷ್ಟರಲ್ಲಿ ಕಾಫಿ ತಂದ್ರು.

ಕಾಫಿ ತಂದಾಗ ಹೇಗೆ ಅಕ್ಕ ಎದ್ದು ನಿಂತು ಕೂಗಾಡೋದು? ಕಪ್ಪು ಕೈಗೆ ಕೊಡ್ತಾರೆ. ಒಂದ್ಸಲ ಕೈಯಲ್ಲಿ ಕಪ್ಪು ಹಿಡ್ಕೊಂಡ್ಮೇಲೆ ಮುಗೀತು ಕಥೆ.

ಆದ್ರೆ ಮನಸ್ಸಲ್ಲಿ ಎಲ್ಲ ಅಂದೆ. ಒಂದೂ ಬಿಡದೆ ಅಂದೆ.

ಏನಾದ್ರೂ ಮಾತಾಡಿ ಅಕ್ಕ. ಈ ಫ್ಯಾನ್ ಸದ್ದು ಬೇರೆ. ಬೈಯಿರಿ ಬೇಕಾದ್ರೆ. ಮೊದಲೆಲ್ಲ ಬೈತಿದ್ರಲ್ಲ, ಬಂದ ಹೊಸದ್ರಲ್ಲಿ ನಾನು ಎರಡೂ ಕೇಬಲ್ ಒಂದೇ ಸ್ವಿಚ್ಚಿಗೆ ಚುಚ್ಚಿದಾಗ. ಕಿವಿ ಹಿಂಡಿದ್ರಿ, ನಿಜವಾಗ್ಲೂ ಹಿಂಡಿದ್ರಿ, ಕೆಂಪಗಾಗಿತ್ತು. ಮನೇಲಿ ಹೆಂಡತಿ ಕೇಳಿದ್ಲು, ಯಾರು ಹೊಡೆದ್ರು ಅಂತ. ಸ್ವಂತ ಅಕ್ಕ ಇದ್ರೂ ಇಷ್ಟು ತಿದ್ತಿರ್ಲಿಲ್ಲ ಅಂತ ಅವಳಿಗೆ ಹೇಳ್ದೆ. ಅಂಥ ನೀವು ಈಗ... ಬರೀ ಡ್ರಾಯರ್ ಖಾಲಿ ಮಾಡ್ತಾ ಕೂತ್ರೆ ನಾನೇನು ತಿಳ್ಕೋಬೇಕು?

ಬೋರ್ಡಿನ ಕಡೆ ಯಾಕೆ ನೋಡ್ತಿದ್ದೀರಿ?

ಗೊತ್ತು. ಗೋಡೆ ಮೇಲಿನ ಆ ಬೋರ್ಡು. ನಿಮ್ಮ ಕೂಸು ಅದು. ಗುಂಪಿಗೊಂದು ದೊಡ್ಡ ದೀಪ, ಅದರ ಕೆಳಗೆ ಒಂದೊಂದು ಕೇಬಲ್ಲಿಗೂ ಒಂದೊಂದು ಪುಟ್ಟ ದೀಪ. ದೊಡ್ಡದನ್ನ ನಂಬಬೇಡ, ಪುಟ್ಟದನ್ನ ನೋಡು ಅಂತ ಅದಕ್ಕೇ ಹಾಕಿದ್ರಿ. ಉದ್ಘಾಟನೆ ದಿನ ಎರಡನೇ ಪುಟ್ಟ ದೀಪ ಕೆಂಪಾಯ್ತು. ಆಗಲೇಬೇಕಲ್ಲ, ಕೇಬಲ್ ಕಿತ್ತ ಮೇಲೆ! ಸಾಹೇಬ್ರು ಅತಿಥಿಗಳನ್ನ ಗಾಜಿನ ಹೊರಗೆ ನಿಲ್ಲಿಸ್ಕೊಂಡು ‘ಇದು ನಮ್ಮ ಕಂಟ್ರೋಲ್ ರೂಮು’ ಅಂತ ತೋರಿಸೋದ್ರಲ್ಲಿದ್ರು. ಕೆಂಪು ಕಂಡ್ರೆ ಮರ್ಯಾದೆ ಏನಾಗುತ್ತೆ? ‘ಅದನ್ನ ತೆಗಿ’ ಅಂದ್ರು. ಸೀದಾ ಮೇಲಧಿಕಾರಿ ಬಾಯಲ್ಲೇ ಬಂದ ಮಾತು! ತೆಗೆದೆ. ಪುಟ್ಟ ದೀಪಗಳನ್ನೆಲ್ಲ ಬೋರ್ಡಿಂದ ತೆಗೆದೆ. ಒಂದನ್ನೇ ತೆಗೆದ್ರೆ ಅಸಹ್ಯವಾಗಿ ಕಾಣ್ತಿತ್ತು ಅಂತ ಎಲ್ಲ ತೆಗೆದೆ. ಉಳಿದಿದ್ದು ದೊಡ್ಡ ಹಸಿರೊಂದೇ. ಚೊಕ್ಕವಾಗಿ ಕಾಣ್ತಿತ್ತು, ನಿಜ ಹೇಳ್ಬೇಕಂದ್ರೆ.

ನೀವು ರಜೆ ಮುಗಿಸಿ ಬಂದ್ರಿ. ಬಂದೋರೇ ಕೇಳಿದ್ರಿ, ದೀಪ ಎಲ್ಲೋ ಅಂತ. ನಾನು... ಹೊಸ ಆವೃತ್ತಿ ಹಾಕ್ತಿದ್ದೀನಿ ಅಕ್ಕ, ಎರಡು ದಿನದಲ್ಲಿ ವಾಪಸ್ ಬರುತ್ತೆ ಅಂದೆ. ನೀವು ‘ಸರಿ ಕಣೋ’ ಅಂದ್ರಿ. ಮೊಮ್ಮಗುವಿನ ಫೋಟೋ ತೋರಿಸಿದ್ರಿ.

ನೀವಾದ್ರೂ ಒಂದ್ಸಲ ಪರೀಕ್ಷೆ ಮಾಡ್ಬೇಕಿತ್ತು! ಒಂದು ಕಮಾಂಡು! ಅಷ್ಟು ನಂಬಿಬಿಡೋದಾ ಯಾರಾದ್ರೂ?

...ಇಲ್ಲ, ಕೂಗ್ತಿಲ್ಲ. ಫ್ಯಾನ್ ಸದ್ದಿಗೆ ಗಂಟಲು ಎತ್ತಿದೆ ಅಷ್ಟೆ.

ಕಂಟ್ರಾಕ್ಟರು ಯಾವ ಕೇಬಲ್ ಕೀಳ್ಬೇಕು ಅಂತ ಕೇಳ್ದ. ಯಾರನ್ನಾದ್ರೂ ಕೇಳ್ಲೇಬೇಕಲ್ಲ ಅವನು, ಈ ಗೋಜಲಲ್ಲಿ ಅವನಿಗೇನು ಗೊತ್ತಾಗುತ್ತೆ? ತೋರಿಸ್ದೆ. ಇದು ಸುಮ್ನೆ ನಿಂತಿರೋದು, ಕೆಲಸಕ್ಕಿಲ್ಲ ಅಂದೆ. ಒಂದು ಗಂಟೆ ಮಟ್ಟಿಗೆ ಅಂತಲೇ ಅಂದಿದ್ದು. ಅವನಿಗೆ ಕೈ ಎಟುಕ್ಲಿಲ್ಲ, ಹಾಗಾಗಿ ಕಿತ್ತಿದ್ದು... ಹೌದು, ನಾನೇ. ಹೂಗುಚ್ಛ ಹಿಡಿದಿದ್ದು ಆಮೇಲೆ.

ಹೀಗೆ ನೋಡ್ಬೇಡಿ ಅಂದೆ!

ಯಾರಿಗೆ ಗೊತ್ತು ಅಕ್ಕ, ಅದೇ ವಾರ ಮೊದಲ ಸ್ವಿಚ್ಚು ಸುಡುತ್ತೆ ಅಂತ? ವರ್ಷಗಟ್ಟಲೆ ಏನೂ ಆಗಿರ್ಲಿಲ್ಲ. ಅವನು ಅದೇ ವಾರ ಏಣಿಯಿಂದ ಬೀಳ್ತಾನೆ ಅಂತ ನಂಗೆ ಕನಸು ಬಿದ್ದಿತ್ತಾ? ಮೊನ್ನೆ ಅವನ ವಾರ್ಡಿನ ಮುಂದೆ ಹಾದುಹೋದೆ. ಎಡಗೈಯಲ್ಲಿ ಬಲಗೈ ಬೆರಳು ಒಂದೊಂದಾಗಿ ಬಿಡಿಸ್ತಿದ್ದ, ಅವು ಮತ್ತೆ ಮಡಚ್ಕೊಳ್ತಿದ್ವು. ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಇಳಿದುಹೋದೆ. ನಂಗೂ ನಿದ್ದೆ ಇಲ್ಲ. ಕೇಳಿ ನನ್ನ ಹೆಂಡತಿನ.

ಮೀಟಿಂಗಲ್ಲಿ ವಕೀಲ್ರು ನನ್ನನ್ನ ನೇರವಾಗಿ ಕೇಳಿದ್ರು. ‘ಬೋರ್ಡು ಯಾರ ಜವಾಬ್ದಾರಿ?’ ಅಂತ. ಸಾಹೇಬ್ರು ನನ್ನ ಮುಖಾನೇ ನೋಡ್ತಿದ್ರು. ಕಾಫಿ ಕಪ್ಪು ಕೈಯಲ್ಲಿತ್ತು. ನಾನು... ‘ಮೇಡಂ ನೋಡ್ಕೋತಿದ್ರು ಸಾರ್’ ಅಂದೆ.

ಸುಳ್ಳಾ? ನೀವೇ ಹೇಳಿ, ಸುಳ್ಳಾ ಅದು? ಬೋರ್ಡು ನೀವೇ ನೋಡ್ಕೋತಿದ್ದಿದ್ದಲ್ವಾ? ಒಂದಕ್ಷರ ಸುಳ್ಳಿಲ್ಲ ಅದ್ರಲ್ಲಿ. ಡಾಕ್ಟ್ರು ಅವರ ಕಪ್ಪು ಮೇಜಿನ ಮೇಲಿಟ್ಟು ಎದ್ದುಹೋದ್ರು. ಅವರೂ ಬಾಯಿ ಬಿಡ್ಲಿಲ್ಲ ನೋಡಿ, ಅಷ್ಟು ದೊಡ್ಡ ಡಾಕ್ಟ್ರು! ಅವರೇ ಬಿಡ್ಲಿಲ್ಲ, ನಾನ್ಯಾವ ಲೆಕ್ಕ?

ಇದೇನು? ಕೀ? ಕೀಗೊಂಚಲು ನಂಗ್ಯಾಕೆ ಕೊಡ್ತೀರಿ? ಸೆಕ್ಯುರಿಟಿಗೆ ಕೊಡ್ಬೇಕಲ್ವಾ... ಈ ರೂಮಿಂದು, ನಿಮ್ಮ ಮೇಜಿಂದು, ಎಲ್ಲ ಇದೆ. ನನ್ನ ಮುಂದೆ ಇಡ್ತಿದ್ದೀರಿ ಅಂದ್ರೆ...

ನಿಮಗೆ ಯಾರು ಹೇಳಿದ್ರು?

ನಾನೇ ಹೇಳೋನಿದ್ದೆ ಅಕ್ಕ, ದೇವರಾಣೆ, ಮೇಲೆ ಗೇಟಿನ ತನಕ ಪೆಟ್ಟಿಗೆ ಹೊತ್ಕೊಂಡು ಬಂದು ಅಲ್ಲಿ ಹೇಳೋನಿದ್ದೆ. ನಾನು ಕೇಳ್ಲಿಲ್ಲ! ಅವರಾಗೇ ಕೊಟ್ರು. ಹೊರಗಿನೋರನ್ನ ತಂದ್ರೆ ಈ ಗುಂಪು, ಈ ಸ್ವಿಚ್ಚು ಎಲ್ಲ ಅರ್ಥ ಆಗೋದ್ರಲ್ಲಿ ಇನ್ನೊಂದು ಅನಾಹುತ ಆಗುತ್ತೆ ಅಂದ್ರು. ಯಾರಾದ್ರೂ ಕೂರ್ಲೇಬೇಕಲ್ಲ ಆ ಕುರ್ಚೀಲಿ? ನಾನಾದ್ರೆ ನಿಮ್ಮ ಪದ್ಧತೀನೇ ಉಳಿಸ್ತೀನಿ. ಪುಟ್ಟ ದೀಪಗಳನ್ನೂ ಹಾಕ್ತೀನಿ, ನೋಡ್ತಿರಿ. ಸಾಹೇಬ್ರು ಒಪ್ಪಿದ ಮೇಲೆ.

ಅಕ್ಕ, ಒಂದೇ ಒಂದು ಮಾತು. ಆ ಹುಡುಗನ ಅಣ್ಣ. ಬೇಕರಿ ಹತ್ರ. ಏನು ಹೇಳಿದ್ರಿ ಅವನಿಗೆ? ಕೇಬಲ್ ಯಾರು ಕಿತ್ತಿದ್ದು ಅಂತ... ಹೇಳಿದ್ರಾ? ಹೇಳಿದ್ರೆ ಹೇಳಿದ್ದೀನಿ ಅನ್ನಿ. ಇಲ್ಲ ಅಂದ್ರೆ ಇಲ್ಲ ಅನ್ನಿ. ತಲೆಯಾದ್ರೂ ಆಡಿಸಿ!

ಇಲ್ಲ, ಅದನ್ನ ಕೇಳೋಕೆ ಬಂದಿದ್ದಲ್ಲ ನಾನು. ನಿಮ್ಮ ಸಾಮಾನು ಹೊರೋಣ ಅಂತ ಬಂದೆ. ಯಾರೂ ಕಳಿಸಿಲ್ಲ ನನ್ನ. ನೀವು ಯಾರಾದ್ರೂ ಕಳಿಸಿದ್ದಾರೆ ಅಂತ ಅನ್ಲಿಲ್ಲ, ಗೊತ್ತು... ನಾನೇ ಅಂದೆ.

ಆ ಪೆಟ್ಟಿಗೆ ಕೊಡಿ. ಕೊಡಿ ಅಕ್ಕ, ಭಾರ ಇದೆ. ಗಿಡವಾದ್ರೂ ಕೊಡಿ. ಒಂದು ಕೈಯಲ್ಲಿ ಹೇಗೆ ತಗೊಂಡು ಹೋಗ್ತೀರಿ? ಬಾಗಿಲಾದ್ರೂ ತೆಗೀತೀನಿ, ನಿಲ್ಲಿ... ಅಕ್ಕ...

ಫೋನು. ನಿಮ್ಮ ಮೇಜಿಂದು. ಎತ್ತಿ, ನೀವೇ ಎತ್ತಿ, ಇನ್ನೂ ಸಂಜೆ ಆಗಿಲ್ಲ, ಇನ್ನೂ ನೀವೇ... ಅಕ್ಕ!

...ಹಲೋ. ಹಾಂ ಸಾರ್, ನಾನೇ. ಹೂಂ, ಈಗಷ್ಟೇ ಹೋದ್ರು. ಹೌದು ಸಾರ್, ನೀವು ಹೇಳಿದ ಹಾಗೇ ಕೇಳ್ದೆ. ಎಲ್ಲ ಥರಾನೂ ಕೇಳಿ ನೋಡ್ದೆ.

ಇಲ್ಲ ಸಾರ್. ಏನೂ ಹೇಳ್ಲಿಲ್ಲ. ಒಂದು ಮಾತೂ ಆಡ್ಲಿಲ್ಲ.

...ನಾನಾ? ನಾನೇನು ಹೇಳ್ಲಿ ಸಾರ್. ನಾನು ಏನೂ ಹೇಳ್ಲಿಲ್ಲ.